ಐದು ಕ್ರಾಸ್, ಒಂದು ತೆಂಗಿನಕಾಯಿ

ನಮ್ಮ ಕೊಡಗಿನ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಲು ಸ್ಕೋಪ್, ಅಂದರೆ ಕೋವಿ ಮೇಲಿನ ದುರ್ಬೀನು, ಬೇಕಿಲ್ಲ. ಕೋವಿಯ ತುದಿಯ ಮಣಿ ಸಾಕು, ಕೈ ನಡುಗದಿದ್ದರೆ ಆಯಿತು. ನನ್ನ ತಲೆನೋವು ಶುರುವಾಗಿದ್ದು ಅದೇ ಕಾಯಿಯನ್ನು 150 ಮೀಟರ್ ಆಚೆ ಇಟ್ಟು ನೋಡಿದಾಗ.

ಕೋವಿ .22 ಬೋಲ್ಟ್ ಆಕ್ಷನ್, ಸಣ್ಣ ಗುಂಡಿನದು. ಗುಂಡು 40 ಗ್ರೇನ್ ತೂಕ, ಸ್ಟ್ಯಾಂಡರ್ಡ್ ವೆಲಾಸಿಟಿ, ಅಂದರೆ ನಿಧಾನದ್ದು. 150 ಮೀಟರ್ ಅಂದರೆ ದೊಡ್ಡ ರೈಫಲ್‌ನವರು ನಗುತ್ತಾರೆ. ನಗಲಿ. 50 ಮೀಟರಿಗೆ ಝೀರೋ ಮಾಡಿದ, ಅಂದರೆ ಅಲ್ಲಿ ಗುರಿಗೇ ಬೀಳುವಂತೆ ಕೂರಿಸಿದ, .22ರ ಗುಂಡು 100 ಮೀಟರಿನಲ್ಲಿ ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 150ರಲ್ಲಿ ಮುಕ್ಕಾಲು ಮೀಟರ್, 200ರಲ್ಲಿ ಒಂದೂವರೆ ಮೀಟರಿಗೂ ಜಾಸ್ತಿ. ಗಾಳಿಗೆ ಪಕ್ಕಕ್ಕೆ ಹೋಗುವುದು ಬೇರೆ. ಇಷ್ಟು ಬೀಳುವ ಗುಂಡಿಗೆ ಎಷ್ಟು ಮೇಲೆ ಹಿಡಿಯಬೇಕು ಅಂತ ತೋರಿಸುವ ಗೆರೆ ಬೇಕೇ ಬೇಕು. ಸ್ಕೋಪಿನೊಳಗಿನ ಆ ಗೆರೆಯೇ ರೆಟಿಕಲ್. ನಮ್ಮ ಕಡೆ ಎಲ್ಲರೂ ಕ್ರಾಸ್ ಅನ್ನುತ್ತಾರೆ. ಅಂಥ ಐದನ್ನು ಹಾಕಿ ನೋಡಿದೆ.

ಸುಗ್ಗಿ ಹಬ್ಬ ಪುತ್ತರಿ ಕಳೆದು ಗದ್ದೆ ಕೊಯ್ಲು ಮುಗಿದ ಮೇಲೆ ಜಾಗ ಸಿಕ್ಕಿತು. ಮನೆ ಕೆಳಗಿನ ಗದ್ದೆ ಸುಮಾರು 200 ಮೀಟರ್ ಉದ್ದ, ಕೊನೆಯಲ್ಲಿ ಮನೆಯಷ್ಟು ಎತ್ತರದ ಮಣ್ಣಿನ ಬರೆ. ಬರೆ ಇಲ್ಲದಿದ್ದರೆ ಈ ಆಟವೇ ಬೇಡ. .22 ಗುಂಡು ಒಂದು ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ ನಿಜ. ಅದು ಕಂಡಕಂಡಲ್ಲಿ ಈಡು ಹಾರಿಸಲು ಕೊಟ್ಟಿದ್ದಲ್ಲ. ಬೇಟೆಯ ಮಾತಂತೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮುಗಿಯಿತು. ಹಾಗಾಗಿ ಕಾಯಿ, ಕಾಗದ, ಬರೆ, ಇಷ್ಟೇ.

ಮೊದಲು ನನ್ನದೇ ಹಳೆಯ 3-9 ಸ್ಕೋಪ್ (ಜೂಮ್ ಮೂರರಿಂದ ಒಂಬತ್ತು ಪಟ್ಟು), ಡ್ಯೂಪ್ಲೆಕ್ಸ್ ಕ್ರಾಸ್. ಹೊರಗೆ ದಪ್ಪ, ನಡುವಿಗೆ ಬಂದಾಗ ಸಣ್ಣ. ಲ್ಯೂಪೋಲ್ಡ್ ಕಂಪನಿ 1962ರಲ್ಲಿ ತಂದ ಈ ವಿನ್ಯಾಸ ಇವತ್ತಿಗೂ ಸಾಯದಿರಲು ಕಾರಣ ಇದೆ. ಕಣ್ಣು ತಾನಾಗಿ ನಡುವಿಗೆ ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಗದ್ದೆ ಮೇಲೆ ಮಂಜು ಹಾಲು ಚೆಲ್ಲಿದ ಹಾಗೆ ಕೂತಿತ್ತು. ಆಗಲೂ ಆ ದಪ್ಪ ಗೆರೆ ಕಂಡಿತು. 50 ಮೀಟರಿನಲ್ಲಿ ಹತ್ತಕ್ಕೆ ಹತ್ತು. 100ಕ್ಕೆ ಹೋದಾಗ ಕಾಯಿಯ ಮೇಲೆ ಇನ್ನೂ ಒಂದೂವರೆ ಕಾಯಿ ಇದೆ ಅಂತ ಊಹಿಸಿ ಹಿಡಿದೆ, ಹತ್ತಕ್ಕೆ ಆರು ಬಿತ್ತು. 150ರಲ್ಲಿ ಊಹೆ ಕೈ ಕೊಟ್ಟಿತು. ಬರಿ ಆಕಾಶದಲ್ಲಿ ಎಲ್ಲಿ ಅಂತ ಹಿಡಿಯುವುದು?

ಎರಡನೆಯದು ಬಿಡಿಸಿ (BDC), ಅಂದರೆ ಗುಂಡು ಬೀಳುವ ಲೆಕ್ಕವನ್ನು ಮೊದಲೇ ಗುರುತು ಮಾಡಿಟ್ಟ ಕ್ರಾಸ್. ನಡುವಿನಿಂದ ಕೆಳಗೆ ಸಣ್ಣ ಸಣ್ಣ ಬಳೆಗಳು, ಒಂದೊಂದು ಒಂದೊಂದು ದೂರಕ್ಕೆ. ಲೆಕ್ಕ ಬೇಡ, ಬಳೆಯೊಳಗೆ ಕಾಯಿ ಇಟ್ಟು ಹೊಡಿ ಅನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆ ಬಳೆಗಳನ್ನು ಜೋರು ಹೋಗುವ ಹೈ ವೆಲಾಸಿಟಿ ಗುಂಡಿಗೆ ಅಳೆದು ಕೂರಿಸಿದ್ದಾರೆ. ನನ್ನ ನಿಧಾನದ ಗುಂಡು 100ರಲ್ಲಿ ಎರಡು ಬೆರಳು ಕೆಳಗೆ, 150ರಲ್ಲಿ ಒಂದು ಗೇಣಿನ ಅರ್ಧ ಕೆಳಗೆ ಹೋಯಿತು. ಹಾಗಾದರೆ ಜೋರು ಗುಂಡೇ ಹಾಕಬಹುದಲ್ವಾ ಅಂತ ಕೇಳಬಹುದು. ಹಾಕಿ ನೋಡಿದೆ. ಬೀಳುವುದು ಕಡಿಮೆ, ಆದರೆ ಗಾಳಿಗೆ ಜಾಸ್ತಿ ತೇಲುತ್ತದೆ. ಶಬ್ದದ ವೇಗ ದಾಟಿ ಹೊರಟ ಗುಂಡನ್ನು ಗಾಳಿ ಜಾಸ್ತಿ ತಡೆಯುತ್ತದೆ, ಅದಕ್ಕೆ. ಬಿಡಿಸಿಯನ್ನು ಅದರ ಮಾಲೀಕನಿಗೆ ಸಂಜೆಯೇ ವಾಪಸ್ ಕೊಟ್ಟೆ.

ಮೂರನೆಯದು ನಾನೇ ದುಡ್ಡು ಕೊಟ್ಟು ತಂದ 6-24, ಮಿಲ್-ಡಾಟ್. ಇದರ ಕಥೆ ಸ್ವಲ್ಪ ಉದ್ದ.

ಅಮೆರಿಕದ ಮರೀನ್ ಸ್ನೈಪರ್‌ಗಳಿಗಾಗಿ 1970ರ ದಶಕದ ಕೊನೆಗೆ ಬಂದ ಕ್ರಾಸ್ ಇದು. ಗೆರೆ ಮೇಲೆ ಸಾಲಾಗಿ ಚುಕ್ಕಿ. ಚುಕ್ಕಿಯ ನಡುವಿನಿಂದ ಚುಕ್ಕಿಯ ನಡುವಿಗೆ 1 ಮಿಲ್, ಅಂದರೆ ದೂರದ ಸಾವಿರದ ಒಂದು ಪಾಲು. 100 ಮೀಟರಿನಲ್ಲಿ 10 ಸೆಂಟಿಮೀಟರ್. ನನ್ನ ಗುಂಡು ಅಲ್ಲಿ 20 ಸೆಂಟಿಮೀಟರ್ ಬೀಳುತ್ತದೆ, ಎರಡನೇ ಚುಕ್ಕಿ ಹಿಡಿದರೆ ಆಯಿತು. ಸುಲಿದ ಕಾಯಿ 12 ಸೆಂಟಿಮೀಟರ್ ಅಂತ ಗೊತ್ತಿದ್ದರೆ ದೂರವನ್ನೂ ಅಳೆಯಬಹುದು. ಕಾಯಿ 0.8 ಮಿಲ್ ಕಂಡರೆ 150 ಮೀಟರ್. ಇಷ್ಟು ಸುಲಭದ ಲೆಕ್ಕ ನೋಡಿ ಖುಷಿಯಾಗಿದ್ದೆ.

ಆ ಖುಷಿಯಲ್ಲೇ ಮಾವನನ್ನು ಕರೆದೆ. ಅವರು ಗದ್ದೆಯ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಹಳೆಯ ಕಾಲುಚೀಲಕ್ಕೆ ಅಕ್ಕಿ ತುಂಬಿ ಕೋವಿಯ ಹಿಂಭಾಗಕ್ಕೆ ಕೊಟ್ಟಿದ್ದೆ, ಮುಂದೆ ಮರಳು ಚೀಲ. ಕಾಯಿ 100 ಮೀಟರಿನಲ್ಲಿ. 24ರಲ್ಲಿ ಬಿಸಿಲಿನ ಝಳಕ್ಕೆ ಕಾಯಿ ನೀರಲ್ಲಿ ಮುಳುಗಿದ ಹಾಗೆ ಕುಣಿಯುತ್ತಿತ್ತು, ಅದಕ್ಕೆ 12ಕ್ಕೆ ಇಳಿಸಿದೆ. ಎರಡನೇ ಚುಕ್ಕಿ ಕಾಯಿಯ ಮೇಲೆ ಕೂತಿತು. ಉಸಿರು ಬಿಟ್ಟು ಒತ್ತಿದೆ. ಕಾಯಿ ಹಾಗೇ ಇತ್ತು, ಅದರ ಮೇಲೆ ಬರೆಯ ಕೆಂಪು ಮಣ್ಣು ಹಾರಿತು. ಮತ್ತೆ ಹೊಡೆದೆ, ಅದೇ ಜಾಗ. ಐದು ಈಡು, ಐದೂ ಒಂದು ಮುಷ್ಟಿಯಷ್ಟು ಜಾಗದಲ್ಲಿ, ಐದೂ ಕಾಯಿಗಿಂತ 20 ಸೆಂಟಿಮೀಟರ್ ಮೇಲೆ.

"ಎಂತ ಮಾರಾಯ, ಕಾಯಿಗೆ ಹೆದರಿಸ್ತಿದ್ದೀಯಾ?" ಅಂದರು ಮಾವ.

ತಪ್ಪು ಸ್ಕೋಪಿನದ್ದಲ್ಲ, ನನ್ನದೇ. ಇದು ಸೆಕೆಂಡ್ ಫೋಕಲ್ ಪ್ಲೇನ್. ಜೂಮ್ ತಿರುಗಿಸಿದರೆ ಕಾಯಿ ದೊಡ್ಡದು ಚಿಕ್ಕದು ಆಗುತ್ತದೆ, ಕ್ರಾಸ್ ಮಾತ್ರ ಇದ್ದ ಹಾಗೇ ಇರುತ್ತದೆ. ಚುಕ್ಕಿಯ ಲೆಕ್ಕ ಸರಿಯಿರುವುದು ಒಂದೇ ಜೂಮಿನಲ್ಲಿ, ನನ್ನದರಲ್ಲಿ 24ರಲ್ಲಿ. 12ಕ್ಕೆ ಇಳಿಸಿದರೆ 1 ಮಿಲ್ ಅನ್ನುವುದು 2 ಮಿಲ್ ಆಗುತ್ತದೆ. ನಾನು 20 ಸೆಂಟಿಮೀಟರ್ ಹಿಡಿದೆ ಅಂದುಕೊಂಡಿದ್ದು ನಿಜಕ್ಕೂ 40.

ಇನ್ನೊಂದು ಕಿರಿಕಿರಿ ಆಮೇಲೆ ಗೊತ್ತಾಯಿತು. ಕ್ರಾಸ್ ಮಿಲ್‌ನಲ್ಲಿ, ಗುರಿ ಏರಿಸಿ ಇಳಿಸುವ ಮೇಲಿನ ತಿರುಪು ಮಾತ್ರ ಕಾಲು ಎಂಒಎ ಕ್ಲಿಕ್‌ನಲ್ಲಿ. ಎಂಒಎ ಅಂದರೆ 100 ಗಜಕ್ಕೆ ಒಂದು ಇಂಚು ಮತ್ತು ಚೂರು. 1 ಮಿಲ್‌ಗೆ 3.44 ಎಂಒಎ, ಅಂದರೆ ಹದಿನಾಲ್ಕು ಕ್ಲಿಕ್ ಹತ್ತಿರ. ಗುಂಡು 1.5 ಮಿಲ್ ಕೆಳಗೆ ಬಿತ್ತು ಅಂತ ಕ್ರಾಸ್‌ನಲ್ಲಿ ಓದಿ ಆಮೇಲೆ ಗುಣಾಕಾರ ಮಾಡುತ್ತಾ ಕೂರಬೇಕು. ಮಾರಿದ ಅಂಗಡಿಯವರು ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಡಿಮೆ ಬೆಲೆಯ ಸ್ಕೋಪ್‌ಗಳಲ್ಲಿ ಈ ಜೋಡಿ ಮಾಮೂಲು. ಮಿಲ್ ಒಳ್ಳೆಯದೋ ಎಂಒಎ ಒಳ್ಳೆಯದೋ ಅನ್ನುವ ಜಗಳ ಸುಮ್ನೆ. ಇಂಚು, ಗಜದಲ್ಲಿ ಯೋಚಿಸುವ ಮಾವನಿಗೆ ಎಂಒಎ ಬಾಯಿಗೇ ಬರುತ್ತದೆ, ನನಗೆ ಮಿಲ್. ಯಾವುದಾದರೂ ಸರಿ, ಕ್ರಾಸ್‌ಗೂ ತಿರುಪಿಗೂ ಒಂದೇ ಇರಬೇಕು.

ನಾಲ್ಕನೆಯದು ಬೆಂಗಳೂರಿನಿಂದ ಬಂದ ಗೆಳೆಯನ 5-25. ಫಸ್ಟ್ ಫೋಕಲ್ ಪ್ಲೇನ್, ಜೊತೆಗೆ ಕ್ರಿಸ್‌ಮಸ್ ಟ್ರೀ. ನಡುವಿನಿಂದ ಕೆಳಗೆ ಹೋದಂತೆ ಅಗಲವಾಗುವ ಚುಕ್ಕಿಗಳ ಗೋಪುರ. ಇಲ್ಲಿ ಜೂಮ್ ಜೊತೆ ಕ್ರಾಸ್ ಕೂಡ ಬೆಳೆಯುತ್ತದೆ, 12ರಲ್ಲೂ 25ರಲ್ಲೂ 1 ಮಿಲ್ ಅಂದರೆ 1 ಮಿಲ್. 150 ಮೀಟರಿಗೆ 5 ಮಿಲ್ ಚಿಲ್ಲರೆ ಕೆಳಗೆ, ಗಾಳಿಗೆ 1 ಮಿಲ್ ಪಕ್ಕಕ್ಕೆ. ಆ ಜಾಗದಲ್ಲಿ ನಿಜಕ್ಕೂ ಒಂದು ಚುಕ್ಕಿ ಕಾದು ಕೂತಿರುತ್ತದೆ. ಡ್ಯೂಪ್ಲೆಕ್ಸ್‌ನಲ್ಲಿ ಆಕಾಶ ಹಿಡಿದಿದ್ದೆನಲ್ಲ, ಅದಕ್ಕೆ ಇದು ಉತ್ತರ. 150ರಲ್ಲಿ ಹತ್ತಕ್ಕೆ ಏಳು ಕಾಯಿಗೆ ಬಿತ್ತು.

ಆದರೂ ನನಗೆ ಒಗ್ಗಲಿಲ್ಲ. ಗುಂಡು ಬರೆಯಲ್ಲಿ ಎಲ್ಲಿ ಬಿತ್ತು ಅಂತ ನೋಡಬೇಕಾದ ಜಾಗದಲ್ಲೇ ಆ ಚುಕ್ಕಿಗಳ ಸಂತೆ. .22 ಎಬ್ಬಿಸುವ ಮಣ್ಣು ಒಂದು ಚಿಟಿಕೆ, ಅದು ಚುಕ್ಕಿಗಳ ಹಿಂದೆ ಕಾಣದೇ ಹೋಗುತ್ತದೆ. ಇನ್ನು ಸಂಜೆ ಐದೂವರೆಗೆ, ಸಿಲ್ವರ್ ಮರಗಳ ನೆರಳು ಗದ್ದೆಗೆ ಬಂದಾಗ, ಜೂಮ್ ಇಳಿಸಿದರೆ ಇಡೀ ಕ್ರಾಸ್ ಜೇಡರ ಬಲೆಯ ಎಳೆಯಷ್ಟು ಸಣ್ಣಗಾಯಿತು. ಕಂದು ಕಾಯಿ, ಕೆಂಪು ಬರೆ, ಕಪ್ಪು ಎಳೆ, ಯಾವುದು ಎಲ್ಲಿ ಅಂತ ಗೊತ್ತಾಗಲಿಲ್ಲ. ಬೆಳಕಿನ ಗುಂಡಿ ಒತ್ತಿದ ಮೇಲೆ ನಡು ಕೆಂಪಗಾಗಿ ಬದುಕಿದೆ. ನಮ್ಮ ಮಂಜಿನ ಊರಿನಲ್ಲಿ ಫಸ್ಟ್ ಫೋಕಲ್ ತೆಗೆದುಕೊಳ್ಳುವವರು ಬೆಳಕಿರುವ ಕ್ರಾಸನ್ನೇ ನೋಡಿ. ಸಾವಿರ ಮೀಟರಿಗೆ ದೊಡ್ಡ ರೈಫಲ್ ಹೊಡೆಯುವವರಿಗೆ ಟ್ರೀ ಸರಿ ಇರಬಹುದು. ನನ್ನ 200 ಮೀಟರ್ ಗದ್ದೆಗೆ ಜಾಸ್ತಿಯಾಯಿತು.

ಕೊನೆಗೆ ಉಳಿದಿದ್ದು ಐದನೆಯದು. 4-16, ಫಸ್ಟ್ ಫೋಕಲ್, ಟ್ರೀ ಇಲ್ಲ. ಉದ್ದಕ್ಕೂ ಅಡ್ಡಕ್ಕೂ ಅರ್ಧ ಮಿಲ್‌ಗೊಂದು ಸಣ್ಣ ಗೆರೆ, ನಡುವಿನಲ್ಲಿ ತೇಲುವ ಒಂದೇ ಚುಕ್ಕಿ, ಹೊರ ಅಂಚಿನಲ್ಲಿ ಡ್ಯೂಪ್ಲೆಕ್ಸ್ ತರಹ ದಪ್ಪ ಕಂಬ. ತಿರುಪು 0.1 ಮಿಲ್ ಕ್ಲಿಕ್. ಗುಂಡು ಬೀಳುವಷ್ಟು ಏರಿಕೆಯನ್ನು ತಿರುಪಿನಲ್ಲಿ ಹಾಕಿ, ಗಾಳಿಯನ್ನು ಮಾತ್ರ ಗೆರೆಯಲ್ಲಿ ಹಿಡಿಯುತ್ತೇನೆ. ತಪ್ಪಿದರೆ ಮಣ್ಣು ಹಾರಿದ ಜಾಗವನ್ನು ಗೆರೆಯಲ್ಲೇ ಓದಿ ಅಷ್ಟೇ ಕ್ಲಿಕ್ ತಿರುಗಿಸಿದರೆ ಮುಂದಿನದು ಕಾಯಿಗೆ. 150ರಲ್ಲಿ ಇದೂ ಹತ್ತಕ್ಕೆ ಏಳೇ, ಟ್ರೀಗಿಂತ ಒಂದೂ ಜಾಸ್ತಿ ಇಲ್ಲ. ಆದರೆ ಆ ಏಳು ಬಂದಿದ್ದು ಕಣ್ಣು ಕಿರಿದು ಮಾಡದೆ. ಒಂದು ಕೊರತೆ, 4ರಲ್ಲಿ ಗೆರೆಗಳು ಓದಲು ಆಗುವುದಿಲ್ಲ. 4ರಲ್ಲಿ 150 ಮೀಟರ್ ಯಾರು ಹೊಡೆಯುತ್ತಾರೆ ಬಿಡಿ.

ಮಾವ ಮಾತ್ರ ನನ್ನ ಡ್ಯೂಪ್ಲೆಕ್ಸ್ ಸ್ಕೋಪನ್ನು ಬಿಚ್ಚಿಕೊಂಡು ಹೋದರು, ಇನ್ನೂ ವಾಪಸ್ ಬಂದಿಲ್ಲ. ಮಿಲ್-ಡಾಟ್ ಈಗ ಚಿಕ್ಕಪ್ಪನ ಮಗನ ಏರ್‌ಗನ್ ಮೇಲಿದೆ. ಕೊಡುವ ಮೊದಲು ಜೂಮ್ ಬಳೆಯ 24ರ ಹತ್ತಿರ ಉಗುರು ಬಣ್ಣದಲ್ಲಿ ಒಂದು ಕೆಂಪು ಚುಕ್ಕಿ ಇಟ್ಟುಕೊಟ್ಟೆ.