ಚಾಮುಂಡಿ ಬೆಟ್ಟಕ್ಕೆ ಬಾಡಿಗೆ ಸೈಕಲ್‌ನಲ್ಲಿ ಹೋಗುವವರೇ, ಹತ್ತುವ ಮೊದಲು ಬ್ರೇಕ್ ನೋಡಿಕೊಳ್ಳಿ

ಮೈಸೂರಿಗೆ ಬಂದು, ಗೇರ್ ಸೈಕಲ್ ಬಾಡಿಗೆಗೆ ತಗೊಂಡು, ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತೋಣ ಅಂತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಚಿಕ್ಕಮ್ಮನ ಮಗಳು ಬೆಟ್ಟ ಇಳಿಯುವಾಗ ಬ್ರೇಕ್ ಕೈಕೊಟ್ಟು ಬಿದ್ದಳು. ಎಡಗೈ ಮಣಿಕಟ್ಟು ಮುರಿದಿದೆ. ಹೆಲ್ಮೆಟ್ ಸೀಳಿ ಹೋಗಿದೆ. ಅದು ನಮ್ಮ ಮನೆಯ ಹೆಲ್ಮೆಟ್. ಅಂಗಡಿಯವರು ಕೊಟ್ಟಿದ್ದಕ್ಕೆ ಗಲ್ಲದ ಪಟ್ಟಿಯೇ ಇರಲಿಲ್ಲ. ಅದನ್ನೇ ಹಾಕಿಕೊಂಡು ಹೋಗಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೈಸೂರಿನಲ್ಲಿ ಬಾಡಿಗೆ ಸೈಕಲ್ ಅಂದರೆ ಎಲ್ಲರಿಗೂ 2017ರಲ್ಲಿ ಶುರುವಾದ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ‘ಟ್ರಿನ್ ಟ್ರಿನ್’ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಅದರ ಬಗ್ಗೆ ಅಲ್ಲ. ದಿನದ ಲೆಕ್ಕದಲ್ಲಿ ಗೇರ್ ಸೈಕಲ್ ಕೊಡುವ ಖಾಸಗಿ ಅಂಗಡಿಯೊಂದರಲ್ಲಿ ಆದ ಅನುಭವ ಇದು.

ಬೆಟ್ಟದ ಬಗ್ಗೆ ನನಗೆ ಯಾವ ದೂರೂ ಇಲ್ಲ. ಊರಿಗೆ ಇಷ್ಟು ಹತ್ತಿರ ಇಂಥ ಮೀಸಲು ಅರಣ್ಯ ಇರುವುದು ಮೈಸೂರಿನವರ ಪುಣ್ಯ. ತಾವರೆಕಟ್ಟೆ ದಾಟಿ ಏರು ಶುರುವಾದರೆ ಗಾಳಿಯೇ ಬೇರೆ. ಎರಡೂ ಕಡೆ ಕುರುಚಲು ಕಾಡು, ಎಲ್ಲೋ ಒಂದು ನವಿಲಿನ ಕೂಗು. ತಿರುವಿನಲ್ಲಿ ನಿಂತರೆ ಕೆಳಗೆ ಲಲಿತ ಮಹಲ್ ಬೆಳ್ಳಗೆ ಕಾಣುತ್ತದೆ. ಭಾನುವಾರ ಬೆಳಿಗ್ಗೆ ಮೆಟ್ಟಿಲಲ್ಲಿ ನಡೆಯುವವರು, ರಸ್ತೆಯಲ್ಲಿ ಸೈಕಲ್ ತುಳಿಯುವವರು, ಎಲ್ಲ ವಯಸ್ಸಿನವರೂ ಸಿಗುತ್ತಾರೆ. ಹಾಗಾಗಿಯೇ ಶಿವಮೊಗ್ಗದಿಂದ ಬಂದ ತಂಗಿಯನ್ನು ಖುಷಿಯಿಂದ ಕರೆದುಕೊಂಡು ಹೋಗಿದ್ದೆ.

ಅಂಗಡಿ ಮುಂದೆಯೇ ಇಬ್ಬರೂ ಒಂದು ಸುತ್ತು ಹೊಡೆದು ಬ್ರೇಕ್ ಹಿಡಿದು ನೋಡಿದ್ದೆವು. ಸೈಕಲ್ ನಿಂತಿತು. ಅಂಗಡಿಯವರೂ ‘ಈಗಷ್ಟೇ ಸರ್ವಿಸ್ ಆಗಿದೆ’ ಅಂದರು. ಹತ್ತುವಾಗ ಏನೂ ತೊಂದರೆ ಇಲ್ಲ. ಗೇರ್ ಸಲೀಸಾಗಿ ಬೀಳುತ್ತಿತ್ತು, ಚೈನ್‌ಗೆ ಎಣ್ಣೆ ಹಾಕಿತ್ತು, ಸೈಕಲ್ ತೊಳೆದು ಥಳಥಳ ಅನ್ನುತ್ತಿತ್ತು. ಮೋಸ ಇರುವುದು ಇಲ್ಲೇ. ಹತ್ತುವಾಗ ಬ್ರೇಕಿಗೆ ಕೆಲಸವೇ ಇಲ್ಲ ಅಲ್ವಾ? ಕಾಲು ನಿಲ್ಲಿಸಿದರೆ ಸೈಕಲ್ ತಾನೇ ನಿಲ್ಲುತ್ತದೆ. ಬ್ರೇಕ್ ಸರಿ ಇಲ್ಲ ಅಂತ ಗೊತ್ತಾಗುವ ಹೊತ್ತಿಗೆ ನೀವು ಬೆಟ್ಟದ ಮೇಲಿರುತ್ತೀರಿ, ಕೆಳಗೆ ಬರಲೇಬೇಕು.

ಇಳಿಯಲು ಶುರು ಮಾಡಿ ಕೆಲವು ತಿರುವು ದಾಟಿದ್ದೆವು. ಅವಳು ಮುಂದೆ, ನಾನು ಹಿಂದೆ. ಮೊದಲು ಕೇಳಿಸಿದ್ದು ಸದ್ದು. ಕರ್ರ್ ಅಂತ ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು. ‘ನಿಲ್ಲಿಸು’ ಅಂತ ಕೂಗಿದೆ. ಅವಳು ಎರಡೂ ಲಿವರ್ ಬಲವಾಗಿ ಹಿಡಿದಳು. ಎಡಗೈಯ ಲಿವರ್ ಪಟ್ ಅಂತ ಹ್ಯಾಂಡಲ್‌ಗೆ ಅಂಟಿಕೊಂಡಿತು. ಹಿಂದಿನ ಬ್ರೇಕ್ ಕೇಬಲ್ ತುಂಡಾಗಿತ್ತು. ಮುಂದಿನದು ಸದ್ದು ಮಾಡುತ್ತಿತ್ತೇ ಹೊರತು ಹಿಡಿಯುತ್ತಿರಲಿಲ್ಲ. ಎದುರಿಗೆ ಬಸ್ಸು ಹತ್ತಿ ಬರುತ್ತಿತ್ತು. ಪುಣ್ಯಕ್ಕೆ ಆ ಜಾಗದಲ್ಲಿ ಎಡಕ್ಕೆ ಗುಡ್ಡದ ಮಗ್ಗುಲಿತ್ತು, ಕಣಿವೆ ಇರಲಿಲ್ಲ. ಅವಳು ಹ್ಯಾಂಡಲ್ ಆ ಕಡೆ ತಿರುಗಿಸಿ ಚರಂಡಿ ಪಕ್ಕದ ಲಂಟಾನ ಪೊದೆಗೆ ಸೈಕಲ್ ನುಗ್ಗಿಸಿದಳು. ಆ ಕ್ಷಣದಲ್ಲಿ ಅಷ್ಟು ಬುದ್ಧಿ ಓಡಿದ್ದು ದೊಡ್ಡದು. ಬಸ್ಸಿನ ಡ್ರೈವರ್ ಗಾಡಿ ನಿಲ್ಲಿಸಿ ಇಳಿದು ಬಂದು ಎತ್ತಿ ಕೂರಿಸಿದರು, ನೀರು ಕೊಟ್ಟರು. ಅವರಿಗೆ ಸರಿಯಾಗಿ ಥ್ಯಾಂಕ್ಸ್ ಹೇಳಲೂ ಆಗಲಿಲ್ಲ.

ಮಾರನೇ ದಿನ ನಮ್ಮ ಬಡಾವಣೆಯ ಹಳೇ ಸೈಕಲ್ ಮೇಸ್ತ್ರಿ ಹತ್ತಿರ ಆ ಸೈಕಲ್ ಬಿಚ್ಚಿಸಿದೆ. ಮುಂದಿನ ಬ್ರೇಕ್ ರಬ್ಬರ್ ಪೂರ್ತಿ ಸವೆದು ಒಳಗಿನ ಲೋಹ ಹೊರಗೆ ಬಂದಿತ್ತು. ಅದು ರಿಮ್ ಮೇಲೆ ಹೊಸ ಗೀರು ಎಳೆದಿತ್ತು, ಬೆರಳಾಡಿಸಿದರೆ ತಾಗುತ್ತಿತ್ತು. ತುಂಡಾದ ಕೇಬಲ್ ತೋರಿಸಿದರು. ಲಿವರ್ ಒಳಗೆ ಹೋಗುವ ಜಾಗದಲ್ಲಿ ಜಾಸ್ತಿ ಎಳೆಗಳು ಕಪ್ಪಗೆ ತುಕ್ಕು ಹಿಡಿದಿದ್ದವು, ಒಂದೆರಡು ಮಾತ್ರ ಹೊಳೆಯುತ್ತಿದ್ದವು. ಅಂದರೆ ಉಳಿದವು ಯಾವಾಗಲೋ ಕಿತ್ತು ಹೋಗಿದ್ದವು. ಸೈಕಲ್ ತೊಳೆಯಲು ಸಮಯ ಇದ್ದವರಿಗೆ ಅದನ್ನು ನೋಡಲು ಸಮಯ ಇರಲಿಲ್ಲವೇ?

ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 3,489 ಅಡಿ. ಊರಿಗಿಂತ ಹೆಚ್ಚುಕಡಿಮೆ ಸಾವಿರ ಅಡಿ ಮೇಲೆ. ಅಷ್ಟು ಎತ್ತರದಿಂದ ನಮ್ಮ ಭಾರ, ಸೈಕಲ್ ಭಾರ ಎರಡೂ ಇಳಿಯುವಾಗ ವೇಗ ತಡೆಯುವ ಕೆಲಸವೆಲ್ಲ ಬಿಸಿಯಾಗಿ ಆ ಪುಟ್ಟ ರಬ್ಬರ್ ಮತ್ತು ರಿಮ್ ಮೇಲೆ ಬೀಳುತ್ತದೆ. ಬ್ರೇಕ್ ಬಿಡದೆ ಹಿಡಿದುಕೊಂಡೇ ಇಳಿದರೆ ರಿಮ್ ಕೈಯಿಟ್ಟರೆ ಸುಡುವಷ್ಟು ಕಾಯುತ್ತದೆ. ಟ್ಯೂಬ್ ಒಡೆಯುವುದೂ ಉಂಟು. ಚೆನ್ನಾಗಿರುವ ಬ್ರೇಕಿಗೇ ಇದು ಕಷ್ಟ. ಸವೆದ ರಬ್ಬರ್ ಹೇಗೆ ತಡೆಯುತ್ತದೆ?

ಆದ್ದರಿಂದ ಅಂಗಡಿ ಮುಂದಿನ ಸಮತಟ್ಟು ರಸ್ತೆಯಲ್ಲಿ ನೋಡಿದ್ದು ನೋಡಿದ ಹಾಗಲ್ಲ. ಮೊದಲು ಬಗ್ಗಿ ರಬ್ಬರ್ ನೋಡಿ. ಅದರಲ್ಲಿ ಗೆರೆಯಂಥ ತೋಡು ಕಾಣಬೇಕು, ನುಣ್ಣಗಾಗಿದ್ದರೆ ಬೇಡ. ಲಿವರ್ ಪೂರ್ತಿ ಹಿಡಿದಾಗ ಹ್ಯಾಂಡಲ್‌ಗೂ ಅದಕ್ಕೂ ಮಧ್ಯೆ ಎರಡು ಬೆರಳು ಜಾಗ ಉಳಿಯಬೇಕು. ಲಿವರ್ ಒತ್ತಿ ಹಿಡಿದು, ಕೇಬಲ್ ಒಳಗೆ ಹೋಗುವ ಕಡೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಒಂದೇ ಒಂದು ಎಳೆ ಕಿತ್ತು ನಿಂತಿದ್ದರೂ ಆ ಸೈಕಲ್ ವಾಪಸ್ ಕೊಡಿ. ಆಮೇಲೆ ಇಳಿದು ನಿಂತು, ಮುಂದಿನ ಬ್ರೇಕ್ ಮಾತ್ರ ಹಿಡಿದು ಸೈಕಲ್ ಮುಂದಕ್ಕೆ ನೂಕಿ. ಹಿಂದಿನ ಚಕ್ರ ನೆಲ ಬಿಟ್ಟು ಏಳಬೇಕು. ಹಿಂದಿನದನ್ನು ಮಾತ್ರ ಹಿಡಿದು ನೂಕಿದರೆ ಹಿಂದಿನ ಚಕ್ರ ತಿರುಗದೆ ಎಳೆದುಕೊಂಡು ಬರಬೇಕು. ಇಷ್ಟೆಲ್ಲ ಸರಿ ಇದ್ದರೂ ಸೀದಾ ತುದಿಗೆ ಹೋಗಬೇಡಿ. ಏರು ಶುರುವಾದ ಮೇಲೆ ಸ್ವಲ್ಪ ಹತ್ತಿ, ವಾಹನ ನೋಡಿಕೊಂಡು ತಿರುಗಿಸಿ, ಅಷ್ಟೇ ದೂರ ಇಳಿದು ನೋಡಿ. ಕೆಟ್ಟ ಬ್ರೇಕ್ ಅಲ್ಲೇ ಸಿಕ್ಕಿ ಬೀಳುತ್ತದೆ, ನಿಮಗೂ ಜಾಸ್ತಿ ವೇಗ ಇರುವುದಿಲ್ಲ.

ಇಳಿಯುವಾಗ ಎರಡೂ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯಿರಿ. ತಿರುವು ಬರುವ ಮೊದಲೇ ವೇಗ ಇಳಿಸಿ. ಮಧ್ಯೆ ಒಂದೆರಡು ಕಡೆ ಅಗಲ ಇರುವ ಜಾಗದಲ್ಲಿ ನಿಂತು ರಿಮ್ ಆರಲು ಬಿಡಿ. ಮಂಗಗಳು ಏಕಾಏಕಿ ರಸ್ತೆಗೆ ಹಾರುತ್ತವೆ, ತಿರುವಿನಲ್ಲಿ ಜಲ್ಲಿ ಇರುತ್ತದೆ. ಮಳೆಗಾಲದಲ್ಲಂತೂ ಇನ್ನೂ ಹುಷಾರು. 2021ರ ಅಕ್ಟೋಬರ್‌ನಲ್ಲಿ ಜೋರು ಮಳೆಗೆ ಈ ಬೆಟ್ಟದ ನಂದಿ ವಿಗ್ರಹದ ಕಡೆಯ ರಸ್ತೆಯೇ ಕುಸಿದಿತ್ತು. ಚಿರತೆ ಓಡಾಡುವ ಕಾಡು, ಬೆಳಕು ಹರಿಯದೆ ಹೊರಡಬೇಡಿ.

ಇನ್ನು ಅಂಗಡಿಯವರ ವಿಷಯ. ‘ಹೇಗಿದ್ದಾಳೆ’ ಅಂತ ಒಂದು ಮಾತು ಕೇಳಲಿಲ್ಲ. ಹ್ಯಾಂಡಲ್ ಸೊಟ್ಟಗಾಗಿದ್ದಕ್ಕೆ ದುಡ್ಡು ಕೇಳಿದರು. ಅಡವಾಗಿ ಇಟ್ಟುಕೊಂಡಿದ್ದ ಒರಿಜಿನಲ್ ಆಧಾರ್ ಕಾರ್ಡ್ ದುಡ್ಡು ಕೊಡುವವರೆಗೆ ಕೊಡಲ್ಲ ಅಂದರು. ‘ಏನಾದರೂ ಆದರೆ ನಮ್ಮ ಹೊಣೆ ಅಲ್ಲ’ ಅಂತ ಬರೆದು ಸಹಿ ಹಾಕಿಸಿಕೊಂಡಿದ್ದ ಕಾಗದ ಮುಖಕ್ಕೆ ಹಿಡಿದರು. ನನಗೆ ಕೈ ಮುರಿದಿದ್ದಕ್ಕಿಂತ ಸಿಟ್ಟು ಬಂದಿದ್ದು ಇದಕ್ಕೆ. ಒಂದು ಹುಡುಗಿಯ ಜೀವಕ್ಕೆ ಇಷ್ಟೇನಾ ಬೆಲೆ?

ಆ ಕಾಗದಕ್ಕೆ ಹೆದರಿ ಸುಮ್ನೆ ಕೂರಬೇಡಿ. ದುಡ್ಡು ತಗೊಂಡು ಕೆಟ್ಟ ಸೈಕಲ್ ಕೊಡುವುದು ಸೇವೆಯ ಕೊರತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದಾರಿ ತಿಳಿಸುತ್ತಾರೆ. ನಾವು ಕೇಬಲ್, ರಬ್ಬರ್, ರಿಮ್ ಎಲ್ಲದರ ಫೋಟೋ, ಆಸ್ಪತ್ರೆಯ ಬಿಲ್ಲು ಸೇರಿಸಿ ದೂರು ಸಿದ್ಧ ಮಾಡುತ್ತಿದ್ದೇವೆ. ನೀವು ಬಾಡಿಗೆಗೆ ತಗೊಳ್ಳುವಾಗ ಒರಿಜಿನಲ್ ಕಾರ್ಡ್ ಯಾರ ಕೈಗೂ ಕೊಡಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರಿಂಟ್ ಕೊಟ್ಟರೆ ಸಾಕು. ಅಂಗಡಿ ಬಿಡುವ ಮೊದಲು ಎರಡೂ ಬ್ರೇಕಿನ ಫೋಟೋ ತೆಗೆದುಕೊಳ್ಳಿ. ಸೈಕಲ್ ಗುರುತು ಬರೆದ ರಸೀದಿ ಕೇಳಿ, ಕೊಡಲ್ಲ ಅಂದರೆ ಬೇರೆ ಅಂಗಡಿ ನೋಡಿ.