ರಿಕೋ ಜಿಆರ್ 3: ಟೋಕಿಯೊದ ದಿನನಿತ್ಯದ ಬೀದಿಗಳಲ್ಲಿ ಕೆಲವು ವರ್ಷ ಬಳಸಿದ ಮೇಲೆ

ದಿನವೂ ನಡೆಯುವ ಅದೇ ಬೀದಿಯ ಫೋಟೊ ಮತ್ತೆ ಮತ್ತೆ ತೆಗೆಯುವ ಆಸೆ ಇರುವವರಿಗೆ ರಿಕೋ ಜಿಆರ್ 3ಕ್ಕಿಂತ ಒಳ್ಳೆಯ ಕ್ಯಾಮೆರಾ ಇದೆ ಎಂದು ನನಗೆ ಅನ್ನಿಸುವುದಿಲ್ಲ. ಹಕ್ಕಿ, ಕ್ರಿಕೆಟ್, ಮದುವೆ ತೆಗೆಯುವವರು ಇದರ ಗೊಡವೆಗೆ ಹೋಗುವುದೇ ಬೇಡ. ನಾನು ಟೋಕಿಯೊದ ಶಿನಾಗವಾ ವಾರ್ಡ್‌ನಲ್ಲಿದ್ದೇನೆ. ಕೆಲಸ ಸಾಫ್ಟ್‌ವೇರ್, ಹುಚ್ಚು ಫೋಟೊಗ್ರಫಿಯದು. ದೊಡ್ಡ ಮಿರರ್‌ಲೆಸ್ ಕ್ಯಾಮೆರಾ ಮತ್ತು ಜೂಮ್ ಲೆನ್ಸ್ ಕೂಡ ಇವೆ. ಅವು ಡ್ರೈ ಕ್ಯಾಬಿನೆಟ್‌ನಿಂದ ಹೊರಬರುವುದು ರಜೆಯ ದಿನ ನಿಕ್ಕೊ, ಕಾಮಾಕುರಾ ಕಡೆ ಹೊರಟಾಗ ಮಾತ್ರ. ಸೋಮವಾರದಿಂದ ಶುಕ್ರವಾರದವರೆಗಿನ ಜಪಾನನ್ನು ನಾನು ತೆಗೆದದ್ದೆಲ್ಲ ಈ ಪುಟ್ಟ ಕ್ಯಾಮೆರಾದಲ್ಲೇ.

2019ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್ ಇದು. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್ ಇದೆ, ಅಂದರೆ ಮಧ್ಯಮ ದರ್ಜೆಯ ದೊಡ್ಡ ಕ್ಯಾಮೆರಾಗಳಲ್ಲಿರುವ ಅಳತೆಯದೇ. ಲೆನ್ಸ್ ಒಂದೇ: 18.3 ಮಿ.ಮೀ., ಎಫ್ 2.8 (ಎಫ್ ಎಂದರೆ ಬೆಳಕು ಬಿಡುವ ಕಿಂಡಿಯ ಅಳತೆ, ಅಂಕಿ ಹೆಚ್ಚಾದಷ್ಟು ಕಿಂಡಿ ಕಿರಿದು). ಫುಲ್ ಫ್ರೇಮ್, ಅಂದರೆ 35 ಮಿ.ಮೀ. ಫಿಲ್ಮ್ ಅಳತೆಯ ಸೆನ್ಸರಿನ ಲೆಕ್ಕದಲ್ಲಿ 28 ಮಿ.ಮೀ., ಅಗಲ ನೋಟದ್ದು. ಜೂಮ್ ಇಲ್ಲ, ಲೆನ್ಸ್ ಬದಲಿಸುವಂತೆಯೂ ಇಲ್ಲ. ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ ತೂಗುತ್ತದೆ, ಪ್ಯಾಂಟಿನ ಮುಂದಿನ ಜೇಬಿಗೆ ಇಳಿಯುತ್ತದೆ. ಬಟನ್ ಒತ್ತಿದ ಒಂದು ಸೆಕೆಂಡಿನೊಳಗೆ ಲೆನ್ಸ್ ಹೊರಬಂದು ಸಿದ್ಧವಾಗುತ್ತದೆ. ಈ ಮನೆತನ ಶುರುವಾದದ್ದು 1996ರ ಫಿಲ್ಮ್ ಕ್ಯಾಮೆರಾ ಜಿಆರ್ 1ರಿಂದ. ಟೋಕಿಯೊದ ಶಿಂಜುಕು ಬಡಾವಣೆಯ ಬೀದಿಗಳನ್ನು ದಶಕಗಳ ಕಾಲ ಕಪ್ಪುಬಿಳುಪಿನಲ್ಲಿ ತೆಗೆದ ಛಾಯಾಗ್ರಾಹಕ ಮೊರಿಯಾಮಾ ದೈದೊ ಅವರ ಕೈಯಲ್ಲೂ ಜಿಆರ್ ಇತ್ತು.

28 ಮಿ.ಮೀ. ಇಲ್ಲಿಗೆ ಏಕೆ ಹೊಂದುತ್ತದೆ ಎನ್ನುವುದಕ್ಕೆ ನಮ್ಮ ಪಕ್ಕದ ತೊಗೊಶಿ ಗಿಂಜಾ ಬೀದಿಯೇ ಸಾಕ್ಷಿ. ಸುಮಾರು 1.3 ಕಿ.ಮೀ. ಉದ್ದದ ಅಂಗಡಿಸಾಲು ಅದು. 1923ರ ಮಹಾಭೂಕಂಪದ ನಂತರ, ಕೆಸರು ತುಂಬಿದ್ದ ಈ ರಸ್ತೆಗೆ ಟೋಕಿಯೊ ನಡುಮಧ್ಯದ ಗಿಂಜಾ ಬಡಾವಣೆಯಲ್ಲಿ ಬೇಡವಾದ ಇಟ್ಟಿಗೆಗಳನ್ನು ತಂದು ಹಾಸಿದರು. ಹೆಸರೂ ಅಲ್ಲಿಂದಲೇ ಬಂತು. ಬೀದಿ ಅಗಲವಲ್ಲ. ಆ ಬದಿ ಕೊರೊಕ್ಕೆ (ಆಲೂಗಡ್ಡೆಯ ಕಟ್ಲೆಟ್) ಕರಿಯುವ ಅಂಗಡಿ, ಈ ಬದಿ ಔಷಧದಂಗಡಿ, ನಡುವೆ ಸೈಕಲ್‌ಗಳ ಸಾಲು. 50 ಮಿ.ಮೀ. ಲೆನ್ಸ್ ಹಾಕಿಕೊಂಡು ನಿಂತರೆ ಹಿಂದೆ ಸರಿಯಲು ಜಾಗ ಸಿಗುವುದಿಲ್ಲ. 28ರಲ್ಲಿ ಅಂಗಡಿಯ ಬೋರ್ಡು, ಮುಂದೆ ಜೋಡಿಸಿದ ಮೂಲಂಗಿ, ತೂಕ ಮಾಡುವವರ ಕೈ, ಮೇಲಿನ ವಿದ್ಯುತ್ ತಂತಿಗಳ ಜೊಂಪೆ ಎಲ್ಲ ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ. ಒಬ್ಬ ವ್ಯಕ್ತಿಯ ಮುಖ ದೊಡ್ಡದಾಗಿ ಬೇಕೆಂದರೆ ಮಾತ್ರ ಕಾಲನ್ನೇ ಮುಂದಿಡಬೇಕು, ಹತ್ತಿರ ಹೋಗಬೇಕು, ಮಾತಾಡಬೇಕು. ಈ ಕ್ಯಾಮೆರಾದ ಬಗ್ಗೆ ನನ್ನ ಮೆಚ್ಚುಗೆ ಹುಟ್ಟುವುದೇ ಇಲ್ಲಿಂದ.

ಅದಕ್ಕೆ ಮೊದಲು ಸ್ನ್ಯಾಪ್ ಫೋಕಸ್ ಬಗ್ಗೆ ಹೇಳಿಬಿಡುತ್ತೇನೆ. ಇಷ್ಟು ಮೀಟರ್ ದೂರ ಎಂದು ಮೊದಲೇ ನಿಗದಿ ಮಾಡಿಟ್ಟು, ಶಟರ್ ಬಟನ್ ಅನ್ನು ಒಂದೇ ಏಟಿಗೆ ಪೂರ್ತಿ ಒತ್ತಿದರೆ ಕ್ಯಾಮೆರಾ ಫೋಕಸ್ ಹುಡುಕುತ್ತ ಕೂರುವುದಿಲ್ಲ, ಅದೇ ದೂರಕ್ಕೆ ಹೊಡೆದುಬಿಡುತ್ತದೆ. ಎಫ್ 8, 2.5 ಮೀಟರ್ ಎಂದು ಇಟ್ಟರೆ ಹೆಚ್ಚುಕಡಿಮೆ ಒಂದೂಕಾಲು ಮೀಟರ್‌ನಿಂದ ಹಿಡಿದು ದೂರದ ಆಕಾಶದವರೆಗೂ ಸ್ಪಷ್ಟವಾಗಿರುತ್ತದೆ. ಹಿಂದೆ ಮುಂದೆ ಮಕ್ಕಳ ಸೀಟು ಕಟ್ಟಿದ ಸೈಕಲ್‌ನಲ್ಲಿ ಅಮ್ಮಂದಿರು ಏರು ಹತ್ತುವಾಗ, ರೈಲ್ವೆ ಗೇಟಿನ ಗಂಟೆ ನಿಂತು ಕಂಬ ಏಳುವ ಕ್ಷಣದಲ್ಲಿ, ಬೇರೆ ಕ್ಯಾಮೆರಾಗಳ ಹಸಿರು ಚೌಕ ಅತ್ತಿತ್ತ ಓಡಾಡುವಷ್ಟರಲ್ಲಿ ಇದರ ಕೆಲಸ ಮುಗಿದಿರುತ್ತದೆ. ಮಂದ ಬೆಳಕಿನಲ್ಲಿ ಇದರ ಆಟೊಫೋಕಸ್ ನಿಧಾನ ಎಂದು ದೂರುವವರಿಗೆ ನನ್ನ ಉತ್ತರವೂ ಇದೇ: ಸ್ನ್ಯಾಪ್‌ಗೆ ಬನ್ನಿ, ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನು 3200ಕ್ಕೆ ಏರಿಸಿ, ತೆಗೆಯಿರಿ. ಒಂದಿಷ್ಟು ಕಾಳುಕಾಳಾಗಿ ಬಂದರೆ ಏನೂ ಕೆಡುವುದಿಲ್ಲ.

ಇನ್ನು ಸದ್ದು. ಜಪಾನಿನಲ್ಲಿ ಮಾರುವ ಫೋನುಗಳ ಕ್ಯಾಮೆರಾ ಸದ್ದನ್ನು ಸಾಮಾನ್ಯವಾಗಿ ಆರಿಸಲು ಬರುವುದಿಲ್ಲ. ಕಾನೂನಿನಲ್ಲಿ ಹಾಗೆಂದು ಬರೆದಿಲ್ಲ. ಕದ್ದು ಫೋಟೊ ತೆಗೆಯುವುದನ್ನು ತಡೆಯಲು ಮೊಬೈಲ್ ಉದ್ಯಮದವರು ತಾವಾಗಿ ಪಾಲಿಸಿಕೊಂಡು ಬಂದ ಕಟ್ಟುಪಾಡು ಅದು. ಜಿಆರ್‌ನದು ಲೆನ್ಸ್ ಒಳಗೇ ಇರುವ ಲೀಫ್ ಶಟರ್. ಬೀಪ್ ಶಬ್ದ ಆರಿಸಿದರೆ ತೆಗೆದವನಿಗೂ ಕೇಳಿಸದಷ್ಟು ಮೆಲ್ಲಗೆ. ದೇವಾಲಯದ ಅಂಗಳದಲ್ಲಿ, ಚಹಾದಂಗಡಿಯ ನಿಶ್ಶಬ್ದದಲ್ಲಿ ಇದು ದೊಡ್ಡ ಉಪಕಾರ. ಆದರೆ ಸದ್ದಿಲ್ಲದ ಕ್ಯಾಮೆರಾ ಹಿಡಿದವನ ಮೇಲೆ ಹೊಣೆ ಹೆಚ್ಚು. ಗುರುತು ಸಿಗುವ ಮುಖವನ್ನು ಕೇಳದೆ ತೆಗೆಯುವುದು, ಹಂಚುವುದು ಇಲ್ಲಿನ ಜನಕ್ಕೆ ನಿಜಕ್ಕೂ ನೋವು ಕೊಡುತ್ತದೆ. ಬೆನ್ನಿಗೆ ರಾಂದೊಸೆರು ಚೀಲ, ತಲೆಗೆ ಹಳದಿ ಟೋಪಿ ಹಾಕಿ ಹೋಗುವ ಶಾಲೆ ಮಕ್ಕಳು ಎಷ್ಟೇ ಮುದ್ದಾಗಿ ಕಂಡರೂ ನಾನು ಅವರತ್ತ ಕ್ಯಾಮೆರಾ ಎತ್ತುವುದಿಲ್ಲ. ಸೆಂತೊ, ಅಂದರೆ ಬೀದಿಯ ಸಾರ್ವಜನಿಕ ಸ್ನಾನಗೃಹದಲ್ಲಿ, ಬಾಗಿಲ ಬಟ್ಟೆಯ ಪರದೆ ಮತ್ತು ಮರದ ಬಿಲ್ಲೆಯ ಬೀಗವಿರುವ ಚಪ್ಪಲಿ ಗೂಡು ತೆಗೆಯುವುದಿದ್ದರೂ ಯಜಮಾನರನ್ನು ಕೇಳಿಯೇ. ಬಟ್ಟೆ ಬದಲಿಸುವ ಕೋಣೆಗೂ ಅದರ ಆಚೆಗೂ ಕ್ಯಾಮೆರಾ ಹೋಗಲೇಬಾರದು.

ಕೇಳಿದರೆ ಜನ ಒಲ್ಲೆ ಎನ್ನುತ್ತಾರೆ ಎಂಬ ಅಂಜಿಕೆ ಬಹಳ ಹವ್ಯಾಸಿಗಳಿಗೆ ಇರುತ್ತದೆ. ನನ್ನ ಅನುಭವ ಬೇರೆ. ನಮ್ಮ ಓಣಿಯ ಟೋಫು ಅಂಗಡಿಯ ಅಜ್ಜಿಯವರಿಗೆ ಕ್ಯಾಮೆರಾ ತೋರಿಸಿ, "ಶಶಿನ್ ತೊತ್ತೆಮೊ ಈದೆಸ್ ಕಾ", ಅಂದರೆ ಫೋಟೊ ತೆಗೆಯಬಹುದೇ ಎಂದು ಕೇಳಿದೆ. ಅವರು ಇದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇಷ್ಟು ಚಿಕ್ಕದೇ! ಮುಖ ಬೇಡಪ್ಪ, ಕೈ ಬೇಕಾದರೆ ತೆಗೆದುಕೊಳ್ಳಿ" ಎಂದರು. ಹೆಗಲ ಮೇಲೆ ಹೊತ್ತ ದೊಡ್ಡ ಕ್ಯಾಮೆರಾ ಆಗಿದ್ದರೆ ಆ ಮಾತು ಬರುತ್ತಿತ್ತೇ ಎಂಬ ಅನುಮಾನ ನನಗಿದೆ. ನೀರಿನ ತೊಟ್ಟಿಯೊಳಗೆ ಟೋಫು ಕತ್ತರಿಸುವ ಆ ಕೈಗಳನ್ನು ಅರ್ಧ ಮೀಟರ್ ದೂರದಿಂದ ತೆಗೆದೆ. ಬೆರಳಿನ ಸುಕ್ಕು, ನೀರಿನಲ್ಲಿ ಮುರಿದ ಟ್ಯೂಬ್‌ಲೈಟಿನ ಬೆಳಕು, ಅಂಚಿನಿಂದ ಅಂಚಿನವರೆಗೆ ಎಲ್ಲವೂ ಚೊಕ್ಕ. ಇದರ ಲೆನ್ಸ್‌ನ ಗುಣ ಆ ಒಂದು ಚಿತ್ರದಲ್ಲೇ ಕಾಣುತ್ತದೆ.

ಮುಂದಿನ ಕೆಲಸ ಇನ್ನೂ ಸುಲಭ. ಕ್ಯಾಮೆರಾದಿಂದ ವೈಫೈ ಮೂಲಕ ಫೋನಿಗೆ, ಫೋನಿನಿಂದ ಮೂಲೆಯ ಕೊಂಬಿನಿ, ಅಂದರೆ ದಿನವಿಡೀ ತೆರೆದಿರುವ ದಿನಸಿ ಅಂಗಡಿಯ ಕಾಪಿ ಯಂತ್ರಕ್ಕೆ. ಹತ್ತಾರು ಯೆನ್‌ಗೆ ಎಲ್ ಸೈಜಿನ, ಅಂದರೆ 89×127 ಮಿ.ಮೀ. ಪ್ರಿಂಟ್ ಕೈಗೆ ಬರುತ್ತದೆ. ಹಾಗೆ ಪ್ರಿಂಟ್ ತೆಗೆದುಕೊಂಡು ಹೋಗಿ ಟೋಫು ಅಜ್ಜಿಗೆ ಕೊಟ್ಟೆ. ಮರುವಾರ ನಾನು ಟೋಫು ಕೊಂಡಾಗ ಪೊಟ್ಟಣದ ಜೊತೆ ಎರಡು ಅಬುರಾಗೆ (ಕರಿದ ಟೋಫು) ಹೆಚ್ಚಿಗೆ ಬಂದಿದ್ದವು. ಪಡೆದದ್ದಕ್ಕೆ ಪ್ರತಿಯಾಗಿ ಏನಾದರೂ ಕೊಡದೆ ಇರುವವರಲ್ಲ ಇಲ್ಲಿನ ಜನ. ಅಲ್ಲಿಂದ ಮೀನಂಗಡಿ, ಸೈಕಲ್ ರಿಪೇರಿಯವರು, ಬೆಳಿಗ್ಗೆ ಪಾರ್ಕಿನಲ್ಲಿ ಸೇರುವ ಹಿರಿಯರು, ಹೀಗೆ ಪರಿಚಯ ಹರಡಿತು. ಆ ಹಿರಿಯರು ಸೇರುವುದು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ರೇಡಿಯೊದಲ್ಲಿ 6:30ಕ್ಕೆ ಬರುವ ವ್ಯಾಯಾಮಕ್ಕೆ. 1928ರಿಂದ ನಡೆದುಬಂದ ಪದ್ಧತಿ ಅದು. ಪಿಯಾನೊ ಸದ್ದಿಗೆ ಎಲ್ಲರ ಕೈ ಒಟ್ಟಿಗೆ ಮೇಲೆ ಏಳುವಾಗ, ಓರೆಯಾಗಿ ಬೀಳುವ ಚಳಿಗಾಲದ ಬಿಸಿಲಿನಲ್ಲಿ ನೆಲದ ತುಂಬ ನೆರಳು. ಬೆಳಕಿನ ಭಾಗಕ್ಕೆ ಹೊಂದಿಸಿ ಅಳೆಯುವ ಹೈಲೈಟ್ ಮೀಟರಿಂಗ್, ಹೈ ಕಾಂಟ್ರಾಸ್ಟ್ ಕಪ್ಪುಬಿಳುಪು, ಅಷ್ಟೇ ಸಾಕು. ಬಣ್ಣ ಬೇಕಾದಾಗ ಕ್ಯಾಮೆರಾದಲ್ಲೇ ಇರುವ ಪಾಸಿಟಿವ್ ಫಿಲ್ಮ್ ಎಂಬ ಬಣ್ಣದ ಶೈಲಿ ಇಟ್ಟುಕೊಳ್ಳುತ್ತೇನೆ. ಮೇ ತಿಂಗಳಲ್ಲಿ ಅರಾಕಾವಾ ಟ್ರಾಮ್ ಹಳಿಯ ಪಕ್ಕ ಅರಳುವ ಗುಲಾಬಿಗೂ, ಕಸದ ದಿನ ಕಾಗೆಗಳಿಂದ ಚೀಲ ಕಾಯಲು ಹೊದಿಸುವ ನೀಲಿ ಬಲೆಗೂ ಅದು ಚೆನ್ನ. ಕಂಪ್ಯೂಟರಿನಲ್ಲಿ ಕೂತು ತಿದ್ದುವ ಗೋಜೇ ಇಲ್ಲ.

ಮಿತಿಗಳೂ ಇವೆ. ಒಂದು ಚಾರ್ಜಿಗೆ ಸುಮಾರು 200 ಚಿತ್ರ ಎಂಬುದು ಕಂಪನಿಯೇ ಕೊಟ್ಟ ಲೆಕ್ಕ. ಹೆಚ್ಚುವರಿ ಬ್ಯಾಟರಿ ಇಲ್ಲದೆ ಇಡೀ ದಿನ ತಿರುಗಲು ಆಗದು. ಯುಎಸ್‌ಬಿ-ಸಿ ಇರುವುದರಿಂದ ಪವರ್ ಬ್ಯಾಂಕಿನಿಂದಲೂ ಚಾರ್ಜ್ ಮಾಡಬಹುದು. ವ್ಯೂಫೈಂಡರ್ ಇಲ್ಲ, ಸ್ಕ್ರೀನ್ ಮಡಚುವುದಿಲ್ಲ. ಹಿಂದಿನ ಜಿಆರ್ 2ರಲ್ಲಿದ್ದ ಫ್ಲ್ಯಾಶನ್ನು ತೆಗೆದಿದ್ದಾರೆ. ಆದರೆ ಕೈನಡುಕ ತಡೆಯುವ ಮೂರು ಅಕ್ಷದ ವ್ಯವಸ್ಥೆ ಬಂದಿದೆ, ಮತ್ತು ರಾತ್ರಿ ಇಜಕಾಯಾ (ಪಾನಗೃಹ) ಓಣಿಗಳಲ್ಲಿ ಕೆಂಪು ಲಾಟೀನಿನ ಬೆಳಕಷ್ಟೇ ಇರುವಾಗ ನನಗೆ ಫ್ಲ್ಯಾಶಿಗಿಂತ ಅದೇ ಬೇಕು. ಮಳೆ, ಧೂಳಿಗೆ ಸೀಲಿಂಗ್ ಇಲ್ಲ. ಜೂನ್‌ನಿಂದ ಜುಲೈ ಮಧ್ಯದವರೆಗಿನ ತ್ಸುಯು ಮಳೆಯಲ್ಲಿ ಪಾರದರ್ಶಕ ಕೊಡೆಯನ್ನು ಹೆಗಲಿಗೆ ಒರಗಿಸಿ, ಕ್ಯಾಮೆರಾವನ್ನು ಕೈಪಟ್ಟಿಯಲ್ಲಿ ನೇತುಹಾಕಿ ನಡೆಯುತ್ತೇನೆ. ಊರಿಗೆ ಬಂದಾಗ ಜಾತ್ರೆಯ ಧೂಳಿನಲ್ಲಿ ಮಾತ್ರ ಇದನ್ನು ಹೊರತೆಗೆಯುವುದಿಲ್ಲ.

ಈಗ ಕೊಳ್ಳಬೇಕೇ? ಜಿಆರ್ 3ರ ಮಾರಾಟ 2025ರಲ್ಲಿ ಮುಗಿಯಿತು. ಅದೇ ವರ್ಷ ಬಂದ ಜಿಆರ್ 4ರಲ್ಲಿ ಕೈನಡುಕ ತಡೆಯುವ ಐದು ಅಕ್ಷದ ಸ್ಟೆಬಿಲೈಸೇಶನ್ ಮತ್ತು 53 ಜಿಬಿ ಒಳ ಮೆಮೊರಿ ಇವೆ. ಆದರೆ ಬ್ಯಾಟರಿ ಬೇರೆ, ಕಾರ್ಡೂ ಮೈಕ್ರೊ ಎಸ್‌ಡಿ. ಹಳೆಯ ಸಾಮಾನು ಕೈಯಲ್ಲಿರುವವರು ಇದನ್ನು ಗಮನಿಸಬೇಕು. ಮುಖಗಳ ಮೇಲೆ ಆಸೆ ಇರುವವರಿಗೆ 40 ಮಿ.ಮೀ. ಸಮಾನದ ಜಿಆರ್ 3ಎಕ್ಸ್ ಉತ್ತಮ, ಬೀದಿ ಬೇಕಾದವರಿಗೆ 28. ಟೋಕಿಯೊಗೆ ಬರುವವರು ಶಿಂಜುಕು, ನಕಾನೊ ಕಡೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳನ್ನು ನೋಡಿ. ಸಣ್ಣ ಗೀರು ಇದ್ದರೂ ಚೀಟಿಯಲ್ಲಿ ಬರೆದು ದರ್ಜೆ ಹಾಕಿ ಇಟ್ಟಿರುತ್ತಾರೆ. ಕೈಗೆ ಕೊಟ್ಟಾಗ ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಒಂದು ಚಿತ್ರ ತೆಗೆದು, ಸ್ಕ್ರೀನಿನಲ್ಲಿ ಹಿಗ್ಗಿಸಿ ಮೂಲೆಮೂಲೆ ನೋಡಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು ಕೂತಿದೆ ಎಂದರ್ಥ. ಲೆನ್ಸ್ ಬಿಚ್ಚಲು ಬಾರದ ಈ ಕ್ಯಾಮೆರಾದಲ್ಲಿ ಅದನ್ನು ಮನೆಯಲ್ಲಿ ಒರೆಸಲಾಗದು. ಅಂಥದ್ದನ್ನು ಬಿಟ್ಟು ಇನ್ನೊಂದು ತೋರಿಸಿ ಎಂದು ಕೇಳಿ.