ನೇರ ಅಂಚೋ, ಓರೆ ಅಂಚೋ: ಎರಡು ಕೋಣೆ, ಮೂರು ವರ್ಷ

ಬೆಂಗಳೂರಿನ ನಮ್ಮ ಮನೆಯ ಎರಡು ಕೋಣೆಗಳಿಗೆ ಮೂರು ವರ್ಷಗಳ ಹಿಂದೆ ಲ್ಯಾಮಿನೇಟ್ ನೆಲ ಹಾಕಿಸಿದೆವು. ಎರಡರಲ್ಲೂ 8 ಮಿ.ಮೀ. ದಪ್ಪದ, ಎಸಿ4 ದರ್ಜೆಯ (ಸವೆತ ಎಷ್ಟು ತಡೆಯುತ್ತದೆ ಎಂಬುದರ ಗುರುತು) ಹಲಗೆ. ಎರಡರಲ್ಲೂ ಹಳೆಯ ಟೈಲ್ಸ್ ಮೇಲೆ ತೆಳು ಫೋಮ್ ಹಾಸಿ ಕೂರಿಸಿದ್ದು. ಬೇರೆಯಾಗಿದ್ದು ಅಂಚು ಮಾತ್ರ. ಅಮ್ಮನ ಕೋಣೆಯದು ನೇರ ಅಂಚು. ನಮ್ಮ ಕೋಣೆಯದು ಬೆವೆಲ್, ಅಂದರೆ ನಾಲ್ಕೂ ಬದಿ ಓರೆಯಾಗಿ ಇಳಿದ ಅಂಚು. ಎರಡು ಹಲಗೆ ಕೂಡುವಲ್ಲಿ ‘ವಿ’ ಆಕಾರದ ಸಣ್ಣ ಗೀರು ಬೀಳುತ್ತದೆ.

ಮೊದಲ ದಿನ ಅಮ್ಮನ ಕೋಣೆಯೇ ಚೆಂದ ಕಂಡಿತು. ಮರುದಿನ ಬೆಳಿಗ್ಗೆ ಕಿಟಕಿಯ ಬಿಸಿಲು ನೆಲದ ಮೇಲೆ ಅಡ್ಡಲಾಗಿ ಬಿದ್ದಾಗ ಗುಟ್ಟು ಬಯಲಾಯಿತು. ಕೆಳಗಿನ ಟೈಲ್ಸ್ ಎಲ್ಲ ಕಡೆಯೂ ಸಮವಾಗಿರಲಿಲ್ಲ. ಕೆಲವು ಹಲಗೆಗಳು ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಎತ್ತರ ನಿಂತಿದ್ದವು, ಒಂದೊಂದು ಸಂದಿಗೂ ನೆರಳಿನ ಗೆರೆ. ಉಗುರು ಎಳೆದರೆ ಟಕ್ಕೆಂದು ತಡೆಯುತ್ತದೆ. ನಮ್ಮ ಕೋಣೆಯ ಟೈಲ್ಸ್ ಕೂಡ ಅಷ್ಟೇ ಏರುಪೇರು. ಆದರೆ ಆ ವ್ಯತ್ಯಾಸ ಗೀರಿನ ತಳದಲ್ಲೇ ಅಡಗಿತ್ತು, ಕಣ್ಣಿಗೂ ಕಾಲಿಗೂ ಸಿಗಲಿಲ್ಲ.

ಹಲಗೆಯ ಒಳಗಿರುವುದು ಒತ್ತಿ ಮಾಡಿದ ಮರದ ನಾರು. ಮಳೆಗಾಲದಲ್ಲಿ ಹಿಗ್ಗುತ್ತದೆ, ಮಾರ್ಚ್ ಬಂದರೆ ಕುಗ್ಗುತ್ತದೆ. ಕುಗ್ಗಿದಾಗ ನೇರ ಅಂಚಿನ ನಡುವೆ ಕಪ್ಪು ಎಳೆಯೊಂದು ಕಾಣುತ್ತದೆ. ಬೆವೆಲ್‌ನಲ್ಲಿ ಅದು ಗೀರಿನ ಗೆರೆಗೇ ಸೇರಿಹೋಗುತ್ತದೆ. ಆದರೂ ಗೋಡೆಯ ಬದಿ ಸುಮಾರು 10 ಮಿ.ಮೀ. ಜಾಗ ಬಿಡಲೇಬೇಕು, ಅದಕ್ಕೆ ಯಾವ ಅಂಚೂ ಬದಲಿಯಲ್ಲ. ಕಬ್ಬಿಣದ ಟ್ರಂಕ್ ಎಳೆದಾಗ ಅಮ್ಮನ ಕೋಣೆಯಲ್ಲಿ ಎದ್ದು ನಿಂತ ಒಂದು ಮೂಲೆಯ ಪದರ ಚಕ್ಕೆಯೆದ್ದಿತು. ಅದೇ ಟ್ರಂಕ್ ನಮ್ಮ ಕೋಣೆಯ ತಗ್ಗಿದ ಅಂಚುಗಳ ಮೇಲೆ ಸುಮ್ಮನೆ ಜಾರಿಹೋಯಿತು.

ಹಾಗಾದರೆ ಬೆವೆಲ್‌ಗೆ ಕೊರತೆಯೇ ಇಲ್ಲವೇ? ಇದೆ, ಮತ್ತು ಅದನ್ನು ಅಂಗಡಿಯಲ್ಲಿ ಯಾರೂ ನಮಗೆ ಹೇಳಲಿಲ್ಲ. ಬೆವೆಲ್‌ನಲ್ಲಿ ಎರಡು ಬಗೆ. ಒಂದರಲ್ಲಿ ಅಂಚನ್ನು ಕೆತ್ತಿ, ತೆರೆದುಕೊಂಡ ಭಾಗಕ್ಕೆ ಬಣ್ಣ ಬಳಿದಿರುತ್ತಾರೆ. ಇನ್ನೊಂದರಲ್ಲಿ, ಅಂದರೆ ಒತ್ತಿದ ಬೆವೆಲ್‌ನಲ್ಲಿ, ಮೇಲಿನ ಗಟ್ಟಿ ಪದರವೇ ಓರೆಯ ಮೇಲೂ ಮುಂದುವರಿದು ಕೆಳಗಿಳಿದಿರುತ್ತದೆ. ನಮ್ಮದು ಮೊದಲನೆಯದು. ಬಾಗಿಲ ಬಳಿ, ಹೆಚ್ಚು ಓಡಾಡುವ ಎರಡು ಅಡಿ ಜಾಗದಲ್ಲಿ, ಬಣ್ಣ ಸವೆದು ಒಳಗಿನ ಕಂದು ನಾರು ಇಣುಕುತ್ತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನೀರು ಆ ಗೀರಿನಲ್ಲೇ ನಿಲ್ಲುತ್ತದೆ, ನಾರು ಹೀರಿಕೊಂಡು ಉಬ್ಬುತ್ತದೆ. ಈಗ ಚೆನ್ನಾಗಿ ಹಿಂಡಿದ ಬಟ್ಟೆಯಷ್ಟೇ ಬಳಸುತ್ತೇವೆ. ಕೊಳ್ಳುವ ಮುನ್ನ ಮಾದರಿ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿ: ಮರದ ಗೆರೆ ಓರೆಯ ಮೇಲೂ ಹರಿದಿದ್ದರೆ ಅದು ಒತ್ತಿದ ಬೆವೆಲ್, ಬರೀ ಒಂದೇ ಬಣ್ಣವಿದ್ದರೆ ಬಳಿದದ್ದು.

ಧೂಳಿನ ವಿಷಯವೂ ಇದೆ. ಮಗುವಿಗೆ ಹಚ್ಚುವ ಪೌಡರ್ ಗೀರುಗಳಲ್ಲಿ ಬಿಳಿ ದಾರದಂತೆ ಕೂರುತ್ತದೆ. ಪೊರಕೆಗೆ ಅದು ಬಗ್ಗದು, ವ್ಯಾಕ್ಯೂಮ್‌ನ ಬ್ರಷ್ಷೇ ಬೇಕು.

ಮುಂದಿನ ತಿಂಗಳು ಹಜಾರದ ಕೆಲಸ. ಅಲ್ಲಿನ ಟೈಲ್ಸ್ ಇನ್ನೂ ಏರುಪೇರು, ಸಂಜೆಯ ಬಿಸಿಲು ನೇರವಾಗಿ ಒಳಬರುತ್ತದೆ. ಹಾಗಾಗಿ ಬೆಲೆ ತುಸು ಹೆಚ್ಚಾದರೂ ಒತ್ತಿದ ಬೆವೆಲ್ಲನ್ನೇ ಆರಿಸಿದ್ದೇನೆ. ಅಮ್ಮ ಮಾತ್ರ ತಮ್ಮ ಕೋಣೆಯನ್ನು ಮುಟ್ಟಗೊಡುವುದಿಲ್ಲ. ಅವರು ನೆಲದ ಮೇಲೆ ಕುಳಿತು ಹೂಬತ್ತಿ ಹೊಸೆಯುತ್ತಾರೆ, ಉದುರಿದ ಹತ್ತಿಯ ಎಳೆಗಳು ಅಲ್ಲಿ ಒಂದೇ ಬಾರಿ ಗುಡಿಸಿದರೆ ಬಂದುಬಿಡುತ್ತವೆ.